ಗೆಡ್ಡೆ ತೆಗೆಯುವ ಮೊದಲೇ ಮುಚ್ಚುವ ಲೆಕ್ಕ

ಕಾಡುಗೋಡಿಯಿಂದ ಹೋಪ್ ಫಾರ್ಮ್ ದಾಟಿ ಐಟಿಪಿಎಲ್ ಕಡೆಗೆ ಹೋಗುವ ರಸ್ತೆಯಲ್ಲಿ ಚರ್ಮದ ಕ್ಲಿನಿಕ್ಕುಗಳ ಬೋರ್ಡಿಗೆ ಬರವಿಲ್ಲ. ಕೂದಲು ನಾಟಿ, ಮೊಡವೆ ಕಲೆಗೆ ಲೇಸರ್, ಮೂಗಿನ ತಿದ್ದುಪಡಿ. ಪ್ಲಾಸ್ಟಿಕ್ ಸರ್ಜರಿ ಎಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಇವೇ. ಅದೇ ಕಾಡುಗೋಡಿಯಲ್ಲಿ ರೈಲ್ವೆಯ ಕಂಟೈನರ್ ಡಿಪೋ ಇದೆ, ಕೈಗಾರಿಕಾ ಪ್ರದೇಶದ ಶೆಡ್ಡುಗಳಿವೆ, ವರ್ಷಪೂರ್ತಿ ಬಿಸಿಲಲ್ಲಿ ನಿಂತು ಕಟ್ಟಡ ಏಳಿಸುವವರ ಸಾಲುಮನೆಗಳಿವೆ. ಚಿಕ್ಕಂದಿನಲ್ಲಿ ಸೀಮೆಎಣ್ಣೆ ಸ್ಟೌವಿನಿಂದಲೋ ಬಿಸಿನೀರಿನಿಂದಲೋ ಸುಟ್ಟ ಕಾಲು, ಅದರ ಮೇಲೊಂದು ಗಟ್ಟಿ ಕಲೆ, ಕಲೆಯ ನಡುವೆ ಮಾಯದ ಹುಣ್ಣು, ಅದಕ್ಕೆ ಪಟ್ಟಿ ಸುತ್ತಿಕೊಂಡೇ ಪಾಳಿ ಮುಗಿಸುವ ದುಡಿಮೆಗಾರರು ಇಂಥ ಪ್ರದೇಶಗಳಲ್ಲಿ ಅಪರೂಪವಲ್ಲ. ಆ ಹುಣ್ಣು ಕ್ಯಾನ್ಸರ್ ಆಗಿದ್ದರೆ ಕಾಲನ್ನು ಉಳಿಸಿಕೊಡಬಲ್ಲದ್ದು ಕೂಡ ಪ್ಲಾಸ್ಟಿಕ್ ಸರ್ಜರಿಯೇ. ದೊಡ್ಡ ಗೆಡ್ಡೆ ತೆಗೆದಾಗ ಬೀಳುವ ಗುಂಡಿಯನ್ನು, ದೇಹದ ಇನ್ನೊಂದು ಕಡೆಯ ಜೀವಂತ ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯುವನ್ನೂ ರಕ್ತನಾಳ ಸಮೇತ ತಂದು ಮುಚ್ಚುವ ಈ ಕೆಲಸಕ್ಕೆ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇದನ್ನು ಕ್ಯಾನ್ಸರ್ ಗುಣವಾದ ಮೇಲೆ ಅನುಕೂಲವಿದ್ದರೆ ಮಾಡಿಸಿಕೊಳ್ಳುವ ಅಲಂಕಾರ ಎಂದು ಬಗೆಯುವುದು ತಪ್ಪು. ಇದು ಕ್ಯಾನ್ಸರ್ ಚಿಕಿತ್ಸೆಯ ಒಳಗಿನ ಅಂಗ. ಗುಂಡಿ ಮುಚ್ಚುವ ಲೆಕ್ಕ ಮೊದಲೇ ಆಗಿದ್ದರೆ ಮಾತ್ರ ಗೆಡ್ಡೆಯನ್ನು ಪೂರ್ತಿ ತೆಗೆಯುವ ಧೈರ್ಯ ಶಸ್ತ್ರವೈದ್ಯರ ಕೈಗೆ ಬರುತ್ತದೆ.

ಚರ್ಮದ ಕ್ಯಾನ್ಸರ್ ನಮ್ಮ ದೇಶದಲ್ಲಿ ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇಕಡಾ ಒಂದೆರಡರಷ್ಟು ಮಾತ್ರ. ಬಿಳಿ ತೊಗಲಿನವರ ದೇಶಗಳಲ್ಲಿ ಬಿಸಿಲಿಗೆ ಒಡ್ಡಿದ ಮುಖದ ಮೇಲೆ ಅದು ಸಾಮಾನ್ಯ ಕಾಯಿಲೆ. ನಮ್ಮ ಚರ್ಮದ ಕಪ್ಪು ನಮ್ಮನ್ನು ಬಹುಪಾಲು ಕಾಯುತ್ತದೆ. ಆದರೆ ಕಡಿಮೆ ಎನ್ನುವುದೇ ಇಲ್ಲಿ ಅಪಾಯವಾಗಿದೆ. ಯಾರೂ ಸಂಶಯಪಡುವುದಿಲ್ಲ, ಹಾಗಾಗಿ ಗೆಡ್ಡೆ ಅಂಗೈ ಅಗಲ ಆಗುವವರೆಗೂ ಮುಲಾಮು ನಡೆದಿರುತ್ತದೆ. ನಮ್ಮಲ್ಲಿ ಬಿಸಿಲಿಗಿಂತ ಬೇರೆ ಕಾರಣಗಳೂ ದೊಡ್ಡವು. ಸುಟ್ಟ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ, ಮೂಳೆಯ ಹಳೇ ಸೋಂಕು ಕೀವಾಗಿ ಸೋರುವ ಜಾಗದಲ್ಲಿ ಹುಟ್ಟುವ ಕ್ಯಾನ್ಸರ್ ಒಂದಿದೆ. ಇಂಥ ಕಲೆಯ ಹುಣ್ಣುಗಳನ್ನು 1828ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಮಾರ್ಜೊಲಿನ್ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಸುಟ್ಟ ದಿನದಿಂದ ಕ್ಯಾನ್ಸರ್ ಕಾಣಿಸುವ ದಿನಕ್ಕೆ ಎಷ್ಟೋ ಸಲ ಮೂವತ್ತು ವರ್ಷಗಳ ಅಂತರ. ಸೊಂಟದ ಒಂದೇ ಗೆರೆಯಲ್ಲಿ ದಶಕಗಳ ಕಾಲ ಬಿಗಿಯಾಗಿ ಕಟ್ಟಿದ ಲಂಗದ ಲಾಡಿ, ಪಂಚೆಯ ಗಂಟು ಉಜ್ಜಿದ ಜಾಗದಲ್ಲೂ ಕ್ಯಾನ್ಸರ್ ಬರುತ್ತದೆ. ಪಂಚೆ ಉಡುವವರಲ್ಲಿ ಇದು ಬರುತ್ತದೆಂದು ಮುಂಬೈನ ವಿ. ಆರ್. ಖಾನೋಲ್ಕರ್ ಮತ್ತು ಸಹೋದ್ಯೋಗಿ 1945ರಲ್ಲೇ ಬರೆದಿದ್ದರು. ಕಪ್ಪು ಮಚ್ಚೆಯಂತೆ ಶುರುವಾಗುವ ಮೆಲನೋಮಾ ನಮ್ಮವರಲ್ಲಿ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ ಬರುತ್ತದೆ. ಮುಳ್ಳು ಚುಚ್ಚಿದ್ದು, ರಕ್ತ ಕಟ್ಟಿದ್ದು ಎಂದು ಸುಮ್ಮನಿರುವವರೇ ಬಹಳ. ಹಳೆಯ ಕಲೆಯ ಮೇಲೆ ಹೊಸ ಹುಣ್ಣೆದ್ದು ಒಂದೂವರೆ ತಿಂಗಳಾದರೂ ಮಾಯದಿದ್ದರೆ, ಅಂಚು ದಪ್ಪಗೆ ಉಬ್ಬಿ ಮುಟ್ಟಿದರೆ ರಕ್ತ ಬರುತ್ತಿದ್ದರೆ, ವಾಸನೆ ಬದಲಾಗಿದ್ದರೆ, ಅಂಚಿನಿಂದ ಒಂದು ತುಣುಕು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ನೋವಿಲ್ಲ ಎನ್ನುವುದು ಸಮಾಧಾನದ ಮಾತಲ್ಲ. ಈ ಗೆಡ್ಡೆಗಳು ಬಹಳ ಕಾಲ ನೋಯುವುದೇ ಇಲ್ಲ.

ಗೆಡ್ಡೆಯಷ್ಟೇ ಅಳತೆಗೆ ಕತ್ತರಿಸಿದರೆ ಕ್ಯಾನ್ಸರ್ ಹೋಗುವುದಿಲ್ಲ. ಕಣ್ಣಿಗೆ ಕಾಣುವ ಅಂಚಿನಾಚೆ ಬೇರಿನಂತೆ ಹರಿದ ಕೋಶಗಳನ್ನು ಹಿಡಿಯಲು ಸುತ್ತ ಮತ್ತು ಆಳಕ್ಕೆ ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯಬೇಕು. ಸಣ್ಣ, ಸೌಮ್ಯ ಗೆಡ್ಡೆಗೆ ಇದು ನಾಲ್ಕಾರು ಮಿಲಿಮೀಟರ್. ದೊಡ್ಡದಕ್ಕೆ, ಕಲೆಯಲ್ಲಿ ಹುಟ್ಟಿದ್ದಕ್ಕೆ, ಮೆಲನೋಮಾಕ್ಕೆ ಒಂದರಿಂದ ಎರಡು ಸೆಂಟಿಮೀಟರ್. ಕೇಳಲು ಅತ್ಯಲ್ಪ ಎನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಸೆಂಟಿಮೀಟರ್ ಅಗಲದ ಗುಂಡನೆಯ ಗೆಡ್ಡೆಯ ವಿಸ್ತೀರ್ಣ ಸುಮಾರು 79 ಚದರ ಸೆಂಟಿಮೀಟರ್. ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಗುಂಡಿ 113 ಆಗುತ್ತದೆ, ಎರಡು ಬಿಟ್ಟರೆ 154, ಅಂದರೆ ಗೆಡ್ಡೆಯ ಹೆಚ್ಚುಕಡಿಮೆ ಎರಡರಷ್ಟು. ಇಷ್ಟು ದೊಡ್ಡ ಗುಂಡಿಯನ್ನು ಎಳೆದು ಹೊಲಿಯಲು ಕಾಲಿನಲ್ಲಾಗಲಿ ತಲೆಯ ಮೇಲಾಗಲಿ ಸಡಿಲ ಚರ್ಮವೇ ಇಲ್ಲ. ಮುಚ್ಚುವ ದಾರಿ ತಿಳಿಯದ ಕಡೆ ಒಬ್ಬರೇ ಶಸ್ತ್ರವೈದ್ಯರು ಕತ್ತಿ ಹಿಡಿದಾಗ, ಅವರೆಷ್ಟೇ ಪ್ರಾಮಾಣಿಕರಾದರೂ, ಆ ಗುಂಡಿಯ ಭಯ ಕೈಯನ್ನು ಒಳಕ್ಕೆ ಎಳೆಯುತ್ತದೆ. ಅರ್ಧ ಸೆಂಟಿಮೀಟರ್ ಉಳಿಸೋಣ, ಮೂಳೆಯ ಮೇಲಿನ ಪೊರೆಯನ್ನು ಬಿಡೋಣ ಎನಿಸುತ್ತದೆ. ಅಂಚಿನಲ್ಲಿ ಕ್ಯಾನ್ಸರ್ ಉಳಿಯುವುದು ಹೀಗೆ, ಮತ್ತು ಅಂಚಿನಲ್ಲಿ ಉಳಿದದ್ದೇ ಗೆಡ್ಡೆ ಅದೇ ಜಾಗದಲ್ಲಿ ಮರಳಲು ಬಹು ದೊಡ್ಡ ಕಾರಣ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ತೆಗೆಯುವ ತಂಡ ಬೇರೆ, ಮುಚ್ಚುವ ತಂಡ ಬೇರೆ ಇರುವುದರ ನಿಜವಾದ ಪ್ರಯೋಜನ ಸಮಯದ ಉಳಿತಾಯವಲ್ಲ. ಮೊದಲ ತಂಡದವರು ಗುಂಡಿಯ ಚಿಂತೆಯನ್ನು ಪೂರ್ತಿ ಮರೆತು ಕ್ಯಾನ್ಸರನ್ನಷ್ಟೇ ನೋಡಬಹುದು.

ಹಾಗಾದರೆ ತೊಡೆಯ ಚರ್ಮ ತೆಗೆದು ಅಂಟಿಸಿದರೆ ಸಾಲದೇ ಎಂದು ಯಾರಾದರೂ ಕೇಳುತ್ತಾರೆ. ಎಷ್ಟೋ ಸಲ ಸಾಕು. ಚರ್ಮದ ಕಸಿಯಲ್ಲಿ ತೆಳ್ಳಗೆ ಹೆರೆದ ಚರ್ಮಕ್ಕೆ ಸ್ವಂತ ರಕ್ತ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ಗಾಯದ ತಳದ ರಸ ಹೀರಿಕೊಂಡೇ ಬದುಕುತ್ತದೆ. ಆಮೇಲೆ ತಳದ ಸೂಕ್ಷ್ಮ ರಕ್ತನಾಳಗಳು ಅದರೊಳಕ್ಕೆ ಬೆಳೆದು, ವಾರದ ಹೊತ್ತಿಗೆ ಕೆಂಪಗಾಗಿ ನಿಲ್ಲುತ್ತದೆ. ಅಂದರೆ ತಳದಲ್ಲಿ ರಕ್ತ ಇರಬೇಕು. ಸ್ನಾಯುವಿನ ಮೇಲೆ ಕಸಿ ಚೆನ್ನಾಗಿ ಹಿಡಿಯುತ್ತದೆ. ಪೊರೆ ಕಳಚಿದ ಬರಿ ಮೂಳೆಯ ಮೇಲೆ, ಬೆತ್ತಲಾದ ಸ್ನಾಯುರಜ್ಜುವಿನ ಮೇಲೆ, ವಿಕಿರಣ ತಗುಲಿ ರಕ್ತಸಂಚಾರ ಸತ್ತ ಜಾಗದಲ್ಲಿ ಹಿಡಿಯುವುದಿಲ್ಲ, ಕಪ್ಪಾಗಿ ಉದುರುತ್ತದೆ. ಫ್ಲ್ಯಾಪ್ ಹಾಗಲ್ಲ, ಬೇರಿಗೆ ಅಂಟಿದ ಮಣ್ಣಿನ ಹೆಂಟೆಯ ಸಮೇತ ಕಿತ್ತು ನೆಟ್ಟ ಗಿಡದಂತೆ ಅದು ತನ್ನ ಜೀವಾಧಾರವನ್ನು ಜೊತೆಗೇ ತರುತ್ತದೆ. ಗಾಯದ ತಳ ಹೇಗಿದ್ದರೂ ಅದು ಬದುಕುತ್ತದೆ, ಮೇಲಾಗಿ ಆ ತಳಕ್ಕೂ ರಕ್ತ ಕೊಡುತ್ತದೆ. ಮುಂದೆ ರೇಡಿಯೋಥೆರಪಿ ಬೇಕಿರುವ ರೋಗಿಗೆ ಇದು ಬಹಳ ಮುಖ್ಯ. ತೆಳು ಕಸಿ ವಿಕಿರಣಕ್ಕೆ ಸುಲಭವಾಗಿ ಒಡೆಯುತ್ತದೆ, ದಪ್ಪನೆಯ ಫ್ಲ್ಯಾಪ್ ತಾಳಿಕೊಳ್ಳುತ್ತದೆ. ಆಪರೇಷನ್ ಆದ ಆರೇಳು ವಾರದೊಳಗೆ ವಿಕಿರಣ ಶುರುವಾಗಬೇಕೆಂದು ವೈದ್ಯರು ಬಯಸುತ್ತಾರೆ. ಗಾಯವೇ ಮಾಯದೆ ಕೂತರೆ ಆ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆಯಲ್ಲ, ದಾನದ ಚರ್ಮ ಹಾಕಬಾರದೇ ಎಂಬ ಪ್ರಶ್ನೆಯೂ ಬರುತ್ತದೆ. ಆ ಚರ್ಮ ಸುಟ್ಟಗಾಯದವರ ಜೀವ ಉಳಿಸುವ ತಾತ್ಕಾಲಿಕ ಹೊದಿಕೆ. ಕೆಲವು ವಾರಗಳಲ್ಲಿ ದೇಹ ಅದನ್ನು ತಿರಸ್ಕರಿಸುತ್ತದೆ. ಶಾಶ್ವತವಾಗಿ ನಿಲ್ಲುವುದು ಅವರವರ ಚರ್ಮವೇ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನೆಲಕ್ಕೂ ಒಂದು ಪಾಲಿದೆ, ಅದು ಸಂತೋಷದ ಪಾಲೇನಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಆದರೆ ಯುರೋಪಿನ ಕಣ್ಣು ತೆರೆಸಿದ್ದು ಮೈಸೂರು ಯುದ್ಧದ ಒಬ್ಬ ಎತ್ತಿನ ಗಾಡಿಯವನು. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಿಗನನ್ನು ಟಿಪ್ಪುವಿನ ಕಡೆಯವರು ಸೆರೆಹಿಡಿದು ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರೆಂದೂ, ಆತ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯ ಸೇರಿಕೊಂಡನೆಂದೂ, ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ಹೊಸ ಮೂಗು ಕಟ್ಟಿದನೆಂದೂ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ 1794ರ ಅಕ್ಟೋಬರ್‌ನಲ್ಲಿ ಚಿತ್ರ ಸಹಿತ ಪ್ರಕಟಿಸಿತು. ಅಲ್ಲಿ ಹೇಳಿದ ಕ್ರಮ ಇಂದಿಗೂ ಗಮನಿಸುವಂಥದು. ಮೊದಲು ತೆಳು ಮೇಣದ ಹಾಳೆಯಲ್ಲಿ ಮೂಗಿನ ಆಕಾರ ಮಾಡಿಕೊಂಡು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯಬೇಕು. ಆಮೇಲೆ ಕತ್ತಿ. ಹಣೆಯ ಚರ್ಮವನ್ನು ಎಬ್ಬಿಸಿ, ಎರಡು ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಕಡಿಯದೆ ಬಿಟ್ಟು, ತಿರುಗಿಸಿ ಕೆಳಗೆ ಕೂರಿಸಿ, ಕಾಚಿನ ಲೇಪ ಹಚ್ಚಬೇಕು. ಸುಮಾರು 25 ದಿನ ಕಳೆದ ಮೇಲೆ ಆ ಪಟ್ಟಿ ಕತ್ತರಿಸಬೇಕು. ಇಂದು ಮೂಗಿನ ಕ್ಯಾನ್ಸರ್ ತೆಗೆದ ಮೇಲೆ ಹಣೆಯ ಫ್ಲ್ಯಾಪ್ ಹಾಕುವವರೂ ಮೊದಲು ಮಾಡುವುದು ಹೊಲಿಗೆ ದಾರದ ಹೊದಿಕೆಯ ಹಾಳೆಯಲ್ಲೋ ಬಟ್ಟೆಯಲ್ಲೋ ಆ ಅಚ್ಚನ್ನೇ. ಹುಬ್ಬಿನ ಒಳತುದಿಯಲ್ಲಿ ಏರುವ ಅಪಧಮನಿಯನ್ನು ಆ ಪಟ್ಟಿಯಲ್ಲಿ ಉಳಿಸಿ, ಮೂರು ವಾರದ ನಂತರ ಬೇರ್ಪಡಿಸುತ್ತಾರೆ. ಆ ವರದಿ ಓದಿದ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಪ್ರಯೋಗ ಮಾಡಿ 1816ರಲ್ಲಿ ಪುಸ್ತಕ ಬರೆದ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಚರ್ಮವನ್ನು ಕೊಳವೆಯಂತೆ ಹೊಲಿದು ಹಂತಹಂತವಾಗಿ ಸಾಗಿಸಿದ. 1973ರಲ್ಲಿ, ಆಸ್ಟ್ರೇಲಿಯಾದಲ್ಲಿ ಟೇಲರ್ ಮತ್ತು ಡೇನಿಯಲ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ರಕ್ತನಾಳಗಳಿಗೆ ಜೋಡಿಸಿದ ವರದಿ ಬಂದ ಮೇಲೆ ದಾರಿ ವಿಶಾಲವಾಯಿತು.

ಯಾವ ಗುಂಡಿಗೆ ಎಲ್ಲಿಂದ ತರಬೇಕು ಎನ್ನುವುದರಲ್ಲಿ ಈ ವಿದ್ಯೆಯ ವಿವೇಕವೆಲ್ಲ ಇದೆ. ಮೊಣಕಾಲಿನಿಂದ ಹರಡಿನವರೆಗಿನ ಕಾಲಿನಲ್ಲಿ ಮೇಲಿನ ಮೂರನೇ ಒಂದು ಭಾಗಕ್ಕೆ ಮೀನಖಂಡದ ಸ್ನಾಯುವನ್ನೇ ತಿರುಗಿಸಬಹುದು. ನಡುಭಾಗಕ್ಕೆ ಅದರಡಿಯ ಸ್ನಾಯು ಒದಗುತ್ತದೆ. ಹರಡಿನ ಬಳಿಗೆ ಬಂದರೆ ಸ್ನಾಯುಗಳೆಲ್ಲ ದಾರದಂತೆ ಸಣ್ಣಗಾಗಿರುತ್ತವೆ, ಅಲ್ಲಿಗೆ ತೊಡೆಯಿಂದಲೋ ಬೆನ್ನಿನಿಂದಲೋ ಬಿಡಿಸಿ ತರುವುದೇ ಹೆಚ್ಚು. ಹಿಮ್ಮಡಿಯದ್ದು ಬೇರೆಯೇ ಸಮಸ್ಯೆ. ದಿನವಿಡೀ ಮೈಭಾರ ಹೊರುವ ಜಾಗಕ್ಕೆ ತೊಡೆಯ ಮೆತ್ತನೆ ಚರ್ಮ ತಂದಿಟ್ಟರೆ ಜಾರುತ್ತದೆ, ಒಡೆಯುತ್ತದೆ. ಆದರೆ ಅದೇ ಪಾದದ ಒಳಮಗ್ಗುಲಲ್ಲಿ, ಅಂಗಾಲಿನ ಕಮಾನಿನಡಿ, ನೆಲಕ್ಕೆ ತಾಗದ ಒಂದು ಪಾಲು ಚರ್ಮವಿದೆ. ಅಂಗಾಲಿನದೇ ದಪ್ಪ, ಅಂಗಾಲಿನದೇ ಗಟ್ಟಿತನ, ಸ್ಪರ್ಶ ಕೊಡುವ ನರವೂ ಜೊತೆಗಿದೆ. ಹಿಮ್ಮಡಿಯ ಮೆಲನೋಮಾ ತೆಗೆದ ಗುಂಡಿಗೆ ಅದನ್ನು ರಕ್ತನಾಳ, ನರ ಸಮೇತ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. ಖಾಲಿಯಾದ ಕಮಾನಿಗೆ ಭಾರ ಬೀಳದು, ಹಾಗಾಗಿ ಅಲ್ಲಿಗೆ ತೆಳು ಕಸಿ ಸಾಕು. ಚಪ್ಪಲಿ ಹಾಕಿ ನಡೆಯುವ, ಕಲ್ಲು ಚುಚ್ಚಿದರೆ ತಿಳಿಯುವ ಹಿಮ್ಮಡಿ ಮತ್ತೆ ಸಿಗುತ್ತದೆ. ನಿಂತೇ ದುಡಿಯಬೇಕಾದ ಮನುಷ್ಯನಿಗೆ ಇದನ್ನು ಅಲಂಕಾರ ಎಂದು ಹೇಗೆ ಹೇಳುವುದು?

ಬಿಡಿಸಿ ತಂದ ಫ್ಲ್ಯಾಪಿನಲ್ಲಿ ಜೋಡಿಸುವ ರಕ್ತನಾಳದ ಅಗಲ ಒಂದರಿಂದ ಮೂರು ಮಿಲಿಮೀಟರ್. ಅದನ್ನು ಹೊಲಿಯುವ ದಾರ ತಲೆಗೂದಲಿಗಿಂತ ಸಪೂರ. ಆಪರೇಷನ್ ಆರೆಂಟು ಗಂಟೆ ನಡೆಯುವುದು ಸಾಮಾನ್ಯ, ಆದರೆ ನಿಜವಾದ ಪರೀಕ್ಷೆ ಆಮೇಲಿನ ಎರಡು ಮೂರು ದಿನ. ವಾರ್ಡಿನ ನರ್ಸ್ ಗಂಟೆಗೊಮ್ಮೆ ಬಂದು ಫ್ಲ್ಯಾಪಿನ ಬಣ್ಣ ನೋಡುತ್ತಾರೆ, ಹಿಂಗೈಯಿಂದ ಮುಟ್ಟಿ ಬಿಸಿ ನೋಡುತ್ತಾರೆ, ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳುಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾದರೆ ಸರಿ. ತಣ್ಣಗೆ ಬಿಳುಚಿ, ಕೆಂಪು ಮರಳದಿದ್ದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ, ಒತ್ತಿದ ಕ್ಷಣಕ್ಕೇ ಬಣ್ಣ ನುಗ್ಗಿದರೆ ಹೊರಗೆ ಹೋಗುತ್ತಿಲ್ಲ. ಅನುಮಾನವಿದ್ದರೆ ಸಣ್ಣ ಸೂಜಿ ಚುಚ್ಚುತ್ತಾರೆ: ಹೊಳೆಯುವ ಕೆಂಪು ಹನಿ ಬಂದರೆ ನೆಮ್ಮದಿ, ಕಪ್ಪು ರಕ್ತ ಸುರಿದರೆ ಆ ಕ್ಷಣವೇ ಥಿಯೇಟರಿಗೆ. ಗಂಟೆಗಳಲ್ಲಿ ಗುರುತಿಸಿದರೆ ಹೆಪ್ಪು ತೆಗೆದು ಮರುಜೋಡಿಸಿ ಉಳಿಸಬಹುದು. ಬೆಳಗಾಗಲಿ ಎಂದು ಬಿಟ್ಟರೆ ಕೈತಪ್ಪುತ್ತದೆ. ನುರಿತ ತಂಡಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಫ್ಲ್ಯಾಪ್‌ಗಳು ಉಳಿಯುವುದಕ್ಕೆ ಶಸ್ತ್ರವೈದ್ಯರ ಕೈಯಷ್ಟೇ ಈ ರಾತ್ರಿಪಾಳಿಯ ಕಣ್ಣೂ ಕಾರಣ. ಆಸ್ಪತ್ರೆ ಆರಿಸುವಾಗ ಕಟ್ಟಡದ ಗಾಜು ನೋಡುವ ಬದಲು, ರಾತ್ರಿ ಎರಡು ಗಂಟೆಗೆ ಫ್ಲ್ಯಾಪ್ ನೋಡುವವರು ಯಾರು ಎಂದು ಕೇಳುವುದು ಮೇಲು.

ಈ ವಾದಕ್ಕೆ ಇರುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. ದಪ್ಪ ಫ್ಲ್ಯಾಪ್ ಮುಚ್ಚಿದರೆ, ಅಡಿಯಲ್ಲಿ ಕ್ಯಾನ್ಸರ್ ಮರಳಿದ್ದು ಕಾಣುವುದೇ ಇಲ್ಲವಲ್ಲ? ಈ ಭಯದಿಂದಲೇ ಹಿಂದಿನ ಕೆಲವು ವೈದ್ಯರು ತೆಳು ಕಸಿ ಹಾಕಿ ಎರಡು ವರ್ಷ ಕಾಯುತ್ತಿದ್ದರು. ಆಕ್ಷೇಪದಲ್ಲಿ ಸತ್ಯವಿದೆ. ಅಂಚು ಸ್ವಚ್ಛವಾಯಿತೋ ಇಲ್ಲವೋ ಎಂಬ ಅನುಮಾನ ಇರುವಾಗಲೇ ಸುತ್ತಲಿನ ಚರ್ಮ ತಿರುಗಿಸಿ ಹೊಲಿದುಬಿಟ್ಟರೆ, ಮುಂದೆ ಉಳಿದ ಅಂಚು ಎಲ್ಲಿ ಸರಿದಿದೆ ಎಂದು ಹುಡುಕುವುದೇ ಕಷ್ಟ. ಆದ್ದರಿಂದ ಅನುಮಾನವಿದ್ದರೆ ಆಪರೇಷನ್ ನಡೆಯುವಾಗಲೇ ಅಂಚಿನ ತುಣುಕನ್ನು ಪರೀಕ್ಷಿಸುವ ಫ್ರೋಜನ್ ಸೆಕ್ಷನ್ ಮಾಡಿಸಬೇಕು. ಅದೂ ಸಾಲದಿದ್ದರೆ ಡ್ರೆಸಿಂಗ್ ಅಥವಾ ತಾತ್ಕಾಲಿಕ ಕಸಿಯಲ್ಲಿ ಗಾಯವನ್ನು ಕಾದು, ಪೆಥಾಲಜಿಯ ಪೂರ್ಣ ವರದಿ ಬಂದ ಮೇಲೆ ಫ್ಲ್ಯಾಪ್ ಹಾಕಬೇಕು. ಹೀಗೆ ಕಾಯುವುದೂ ಯೋಜನೆಯೇ, ಮುಂಚೆಯೇ ರೋಗಿಗೆ ಹೇಳಿಟ್ಟ ಯೋಜನೆಯಾಗಿರಬೇಕು ಅಷ್ಟೆ. ಆದರೆ ಆಕ್ಷೇಪ ಇನ್ನೂ ಮುಂದಕ್ಕೆ ಹೋಗಿ, ಕಾಣಲಿ ಎಂದು ಯಾವಾಗಲೂ ತೆಳ್ಳಗೆ ಮುಚ್ಚಿ ಎನ್ನುವುದಾದರೆ ಒಪ್ಪಲಾಗದು. ಫ್ಲ್ಯಾಪ್ ಕ್ಯಾನ್ಸರನ್ನು ಮರಳಿ ತರುವುದಿಲ್ಲ, ಬಿಟ್ಟುಹೋದ ಅಂಚು ತರುತ್ತದೆ. ಆಳದಲ್ಲಿ ಮರಳಿದ್ದನ್ನು ನೋಡಲು ಇಂದು ಸಿಟಿ, ಎಂಆರ್‌ಐ ಇವೆ. ಮುಂದೆ ಬರಬಹುದಾದದ್ದನ್ನು ನೋಡುವ ಕಿಟಕಿಗಾಗಿ ಇಂದು ಮಾಯದ ಗಾಯ ಇಟ್ಟುಕೊಳ್ಳುವುದು ದುಬಾರಿ ವ್ಯಾಪಾರ.

ಉಳಿದ ಮಾತುಗಳಿಗೂ ಉತ್ತರವಿದೆ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆ ಹುಟ್ಟಿದ್ದು, ಹರಡಿದ ಮೇಲೇ ಬಂದು ಆಪರೇಷನ್ ಆದವರ ಕಥೆಗಳಿಂದ. ಕಾಲು ತೆಗೆದುಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎಂಬುದು ಕೆಲವರ ವಿಷಯದಲ್ಲಿ ನಿಜ: ಮೂಳೆ, ದೊಡ್ಡ ನರ, ಮುಖ್ಯ ರಕ್ತನಾಳವನ್ನೇ ಗೆಡ್ಡೆ ತಿಂದಿದ್ದರೆ ಕಾಲು ಉಳಿಸುವ ಹಟ ಪ್ರಾಣಕ್ಕೆ ಎರವಾಗುತ್ತದೆ. ಆದರೆ ಗುಂಡಿ ಮುಚ್ಚುವವರು ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾಲು ಹೋದರೆ ಅದು ಅನ್ಯಾಯ. ವಯಸ್ಸಾಯಿತು, ಇನ್ನೇಕೆ ಎನ್ನುವ ಮಾತು ಮನೆಮಂದಿಯಿಂದಲೇ ಬರುತ್ತದೆ. ವಯಸ್ಸೊಂದೇ ಅಡ್ಡಿಯಲ್ಲ, ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಯ ಹತೋಟಿ ನೋಡಿ ನಿರ್ಧರಿಸುವ ಸಂಗತಿ ಅದು. ಬೀಡಿ ಸಿಗರೇಟು ಮಾತ್ರ ರಿಯಾಯಿತಿ ಕೊಡಲಾಗದ ಅಡ್ಡಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯಿಸುತ್ತದೆ, ಫ್ಲ್ಯಾಪಿನ ಅಂಚು ಸಾಯಿಸುತ್ತದೆ. ಮೂರು ನಾಲ್ಕು ವಾರ ಮೊದಲೇ ಬಿಡಬೇಕು. ಖರ್ಚಿನ ಮಾತು ಸುಳ್ಳಲ್ಲ: ಸೂಕ್ಷ್ಮದರ್ಶಕ, ಎರಡು ತಂಡ, ಐಸಿಯು ಹಾಸಿಗೆ. ಆದರೆ ತಿಂಗಳುಗಟ್ಟಲೆ ಡ್ರೆಸಿಂಗಿಗೆ ಅಲೆಯುವ ಆಟೋ ಬಾಡಿಗೆ, ಹೋದ ಕೂಲಿ, ಮತ್ತೊಂದು ಆಪರೇಷನ್, ತಡವಾದ ವಿಕಿರಣ ಇವನ್ನೆಲ್ಲ ಇನ್ನೊಂದು ತಟ್ಟೆಯಲ್ಲಿ ಇಡದೆ ತೂಗಬಾರದು.

ಹಣದ ವಿಷಯದಲ್ಲಿ ಕಾಡುಗೋಡಿಯಂಥ ಊರಿನ ಇಬ್ಬರೂ, ಸಾಫ್ಟ್‌ವೇರಿನವರೂ ಶೆಡ್ಡಿನವರೂ, ತಿಳಿದಿರಬೇಕಾದ ಸಂಗತಿಗಳಿವೆ. ಖಾಸಗಿ ಆರೋಗ್ಯ ವಿಮೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂಬ ಸಾಲು ಇದ್ದೇ ಇರುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಒಕ್ಕಣೆಯಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ ಆ ನಿರ್ಬಂಧ ಇಲ್ಲವೆಂದು ಸ್ಪಷ್ಟವಾಗಿದೆ. ಕ್ಲೇಮು ತಿರಸ್ಕರಿಸಿದರೆ ಆ ಕಲಮನ್ನೇ ತೋರಿಸಬಹುದು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳದ ಕಾರ್ಮಿಕರಿಗೆ ಇಎಸ್‌ಐ ಇದೆ. ಎರಡು ವರ್ಷ ಕೆಲಸದಲ್ಲಿದ್ದು ನಿಗದಿತ ದಿನಗಳ ಚಂದಾ ಕಟ್ಟಿದವರಿಗೆ ಕ್ಯಾನ್ಸರ್ ಬಂದರೆ, ಚಿಕಿತ್ಸೆಯ ಜೊತೆಗೆ ಶೇಕಡಾ 80ರ ದರದಲ್ಲಿ ಸಂಬಳದ ಪರಿಹಾರ ಎರಡು ವರ್ಷದವರೆಗೂ ಸಿಗುವ ವಿಸ್ತರಿತ ಅನಾರೋಗ್ಯ ಭತ್ಯೆ ಇದೆ. ಇದನ್ನು ಕೇಳದೆ ಕೆಲಸ ಬಿಟ್ಟು ಊರಿಗೆ ಹೋಗುವುದು ದೊಡ್ಡ ನಷ್ಟ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಅವಕಾಶವಿದೆ. ವೈಟ್‌ಫೀಲ್ಡ್‌ನಲ್ಲೇ ವೈದೇಹಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗಬೇಕಾದವರಿಗೆ 2023ರ ಅಕ್ಟೋಬರಿನಿಂದ ಕಾಡುಗೋಡಿಯ ಮೆಟ್ರೋ ನೇರ ಮೆಜೆಸ್ಟಿಕ್‌ವರೆಗೆ ಇದೆ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್‌ನಲ್ಲಿ ಇಳಿದರೆ ಮುಂದೆ ಬಸ್ಸೋ ಆಟೋವೋ ಸಾಕು.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ, ಗೆಡ್ಡೆ ತೆಗೆದ ಮೇಲೆ ಯಾವುದರಿಂದ ಮುಚ್ಚುತ್ತೀರಿ, ಅದನ್ನು ಮಾಡುವವರು ಯಾರು ಎಂಬುದು. ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಮರಿಯಲ್ಲಿ ಯಾವ ಫ್ಲ್ಯಾಪ್, ಯಾವ ರಕ್ತನಾಳಕ್ಕೆ ಜೋಡಿಸಿದ್ದು ಎಂಬುದನ್ನೂ, ಪೆಥಾಲಜಿ ವರದಿಯಲ್ಲಿ ಸುತ್ತಲೂ ಆಳದಲ್ಲೂ ಎಷ್ಟೆಷ್ಟು ಮಿಲಿಮೀಟರ್ ಸ್ವಚ್ಛ ಅಂಚು ಸಿಕ್ಕಿದೆ ಎಂಬುದನ್ನೂ ಬರೆಸಿಕೊಳ್ಳಬೇಕು. ಈ ಗೆಡ್ಡೆಗಳು ಮರಳುವುದಿದ್ದರೆ ಬಹುಪಾಲು ಮೊದಲ ಎರಡು ವರ್ಷಗಳಲ್ಲಿ, ಹಾಗಾಗಿ ಆ ಅವಧಿಯಲ್ಲಿ ಕೆಲವು ತಿಂಗಳಿಗೊಮ್ಮೆ ಫ್ಲ್ಯಾಪಿನ ಅಂಚನ್ನೂ ತೊಡೆಸಂದಿ, ಕಂಕುಳು, ಕುತ್ತಿಗೆಯ ಗ್ರಂಥಿಗಳನ್ನೂ ಮುಟ್ಟಿ ನೋಡಿಸಬೇಕಾಗುತ್ತದೆ, ಮತ್ತು ಆಗ ಎದುರಿಗಿರುವ ವೈದ್ಯರು ಬೇರೆಯವರೇ ಇರಬಹುದು. ಬಾಡಿಗೆ ಕೋಣೆ ಬದಲಿಸುತ್ತ ಸಾಗುವ ಕುಟುಂಬಗಳಲ್ಲಿ ಆ ಕಾಗದಗಳು ಮೊದಲು ಕಳೆದುಹೋಗುತ್ತವೆ. ಆಸ್ಪತ್ರೆಯ ಕೌಂಟರ್ ಬಿಡುವ ಮೊದಲೇ ಪ್ರತಿ ಹಾಳೆಯ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.